ಮೇಲಿನ ಮನೆಯ ಕರೆಂಟ್ ಬಿಲ್ಲು

"ಬಿಲ್ ಬಾಕಿಯಿದೆ, ಇವತ್ತೇ ಕರೆಂಟ್ ಕಟ್" ಎಂಬ ಮೆಸೇಜ್ ನೋಡಿ ಮೇಲಿನ ಬಾಡಿಗೆಮನೆಯ ಚಂದ್ರಕಲಾ ಗಾಬರಿಯಾದಳು. ಇನ್ನೇನು ಲಿಂಕ್ ಒತ್ತಬೇಕು, ಅಷ್ಟರಲ್ಲಿ ಓನರ್ ಪುಟ್ಟಸ್ವಾಮಿ ಬಂದು ಮೊಬೈಲ್ ಕಿತ್ತುಕೊಂಡರು.

"ಮೋಸ ಕಣಮ್ಮ ಇದು! ಕಾಲ ಕೆಟ್ಟುಹೋಗಿದೆ, ಯಾರನ್ನೂ ನಂಬಬೇಡ. ಪ್ರತಿ ತಿಂಗಳ ಹಾಗೆ ಏಳುನೂರು ನನ್ನ ಕೈಗೆ ಕೊಡು, ನಾನೇ ಹೋಗಿ ಕಟ್ತೀನಿ."

"ದೇವರ ಹಾಗೆ ಬಂದ್ರಿ ಸಾರ್" ಎಂದವಳು ದುಡ್ಡಿನ ಜೊತೆ ಒಂದು ಡಬ್ಬಿ ಕೋಡುಬಳೆಯನ್ನೂ ಕೊಟ್ಟು ಕಳಿಸಿದಳು.

ಮರುದಿನ ಮೀಟರ್ ನೋಡುವವನು ಬಂದಾಗ ಓನರ್ ಮನೆಗೆ ಬೀಗ. ಬಿಲ್ಲಿನ ಚೀಟಿ ಮೊದಲ ಸಲ ಅವಳ ಕೈಗೇ ಬಂತು.

"ಹಳೇ ಬಾಕಿ ಏನಾದ್ರೂ ಇದೆಯಾ ಅಣ್ಣ?"

"ಬಾಕಿ ಎಲ್ಲಿಂದ ಬರಬೇಕಮ್ಮ? ಸರ್ಕಾರದ ಫ್ರೀ ಕರೆಂಟು ಶುರುವಾದಾಗಿನಿಂದ ನಿಮ್ಮ ಮನೆ ಬಿಲ್ಲು ಸೊನ್ನೆ!"