ಎಂಟನೇ ಫಲಕ

ಹಲ್ಲಿನ ಡಾಕ್ಟರರಿಗೆ ಉಳಿದಿದ್ದು ಒಂದೇ ಗುಂಡು. ಅದು ಬರೀ ಮೂರು ಅಂಕದ ವೃತ್ತಕ್ಕೆ ಬಿದ್ದರೂ ಸಾಕಿತ್ತು, ಕಪ್ ಅವರದೇ. ಎಂಟು ಅಂಕ ಹಿಂದಿದ್ದು, ತನಗೂ ಒಂದೇ ಗುಂಡು ಉಳಿದಿದ್ದವನು ಪಕ್ಕದ ಚಾಪೆಯ ಮೇಲೆ ಬೋರಲು ಮಲಗಿದ್ದ ಅವರ ಷಡ್ಡಕ, ಕನ್ನಡಕದ ಅಂಗಡಿಯವನು. ಆದರೆ ಬರೀ ಮೂರು ಹೊಡೆದು ಗೆದ್ದರೆ ಅವನು ಆಯುಷ್ಯಪೂರ್ತಿ ಆಡಿಕೊಳ್ಳುತ್ತಾನೆ. ಬಿದ್ದರೆ ನಡುಮಧ್ಯಕ್ಕೇ ಬೀಳಬೇಕು.

ಅದಕ್ಕೇ ಡಾಕ್ಟರರು ರೈಫಲ್ ಬಿಟ್ಟು ಎದ್ದು ಕೂತು, ಹೊಸ ಗಾಳಿಮೀಟರನ್ನು ತಲೆಯ ಮೇಲಕ್ಕೆತ್ತಿ ಹಿಡಿದರು. ಅಂಗೈಯಗಲದ ಯಂತ್ರ. ಅದರ ನೆತ್ತಿಯ ಪುಟ್ಟ ಚಕ್ರ ಗಿರ್ರನೆ ತಿರುಗುತ್ತಿತ್ತು. ಗಾಳಿ, ಸೆಕೆ, ತೇವ ಎಲ್ಲವನ್ನೂ ಕೂಡಿ ಕಳೆದು, ಒಂಬೈನೂರು ಮೀಟರ್ ಆಚೆಯ ಗುರಿಗೆ ಸ್ಕೋಪಿನ ತಿರುಪು ಎಷ್ಟು ತಿರುಗಿಸಬೇಕೆಂದು ಅದು ಪರದೆಯ ಮೇಲೆ ಹೇಳುತ್ತಿತ್ತು.

"ಗಾಳಿ ಎಷ್ಟಿದೆ ಅಣ್ಣಾ?" ಷಡ್ಡಕ ಮಲಗಿದಲ್ಲಿಂದಲೇ ಕೇಳಿದ.

"ಇರೋವಷ್ಟಿದೆ," ಎಂದು ಡಾಕ್ಟರರು ಪರದೆಗೆ ಅಂಗೈ ಮರೆ ಮಾಡಿದರು.

ಮೂರು ಸಲ ಅಳೆದರು. ಮೂರು ಸಲವೂ ಬೇರೆ ಬೇರೆ ಅಂಕೆ. "ಹೊತ್ತು ಮುಗೀತಾ ಬಂತು ಡಾಕ್ಟ್ರೇ," ಎಂದು ಹಿಂದಿನಿಂದ ತೀರ್ಪುಗಾರ ಎಚ್ಚರಿಸಿದ. ಕೊನೆಯ ಅಂಕೆಯನ್ನೇ ನಂಬಿ, ತಿರುಪನ್ನು ಎಡಕ್ಕೆ ಹನ್ನೆರಡು ಕ್ಲಿಕ್ ತಿರುಗಿಸಿ, ದಡಬಡ ಮಲಗಿ, ಸ್ಕೋಪಿನೊಳಗೆ ಕಂಡ ಕಪ್ಪು ವೃತ್ತಕ್ಕೆ ಉಸಿರು ಬಿಗಿಹಿಡಿದು ಹೊಡೆದರು. ಅದೇ ಗಳಿಗೆಗೆ ಷಡ್ಡಕನ ಗುಂಡೂ ಹಾರಿತು.

ದೂರದಲ್ಲಿ ಡಾಕ್ಟರರ ಏಳನೇ ಫಲಕ ಹಾಗೇ ನಿಂತಿತ್ತು. ಷಡ್ಡಕನ ಎಂಟನೇ ಫಲಕ ಮಾತ್ರ ಆಳುಗಳು ಕೂತಿದ್ದ ಕಂದಕಕ್ಕಿಳಿದು, ಗುಂಡು ಬಿದ್ದಲ್ಲಿ ಗುರುತು ಹಾಕಿಸಿಕೊಂಡು ಮೇಲೆ ಬಂತು. ಅದರಲ್ಲಿ ಎರಡು ತೂತು. ಒಂದು ಏಳಂಕದ ವೃತ್ತದಲ್ಲಿ. ಇನ್ನೊಂದು, ಅಳೆದು ಇಟ್ಟಂತೆ, ನಡುಮಧ್ಯ.

"ನಿಮ್ಮ ಫಲಕಕ್ಕೆ ಏನೂ ಬಿದ್ದಿಲ್ಲ ಡಾಕ್ಟ್ರೇ. ಸೊನ್ನೆ," ಎಂದ ತೀರ್ಪುಗಾರ. "ಇವರದಕ್ಕೆ ಎರಡು ಬಿದ್ದಿದೆ. ಹೀಗಾದಾಗ ಹೆಚ್ಚಿನ ಅಂಕ ಆ ಫಲಕದವರಿಗೆ. ಇವರಿಗೆ ಹತ್ತು."

"ಅಯ್ಯೋ, ಹತ್ತು ನಂದಲ್ಲ ಸಾರ್," ಎಂದ ಷಡ್ಡಕ. "ಗಾಳಿ ಅಂದಾಜೇ ಸಿಗಲಿಲ್ಲ, ನಂದು ಆ ಏಳು. ಅಣ್ಣ ಒಂದಂಕದಲ್ಲಿ ಗೆದ್ರು, ಬಿಟ್ಬಿಡಿ."

"ನೀವು ಬಿಟ್ರೂ ನಿಯಮ ಬಿಡಲ್ಲ."

ಎರಡಂಕದ ಸೋಲು, ಅದೂ ತಮ್ಮದೇ ಗುಂಡಿನಿಂದ. ಆದರೆ ಡಾಕ್ಟರರ ಹೊಟ್ಟೆ ಉರಿದದ್ದು ಅದಕ್ಕಲ್ಲ. ನೆರೆದವರು ಆಗಲೇ ಷಡ್ಡಕನ ಬೆನ್ನು ತಟ್ಟುತ್ತ, "ಎಂಥಾ ಏಟು ಸಾರ್!" ಎನ್ನುತ್ತಿದ್ದರು.

"ಅದು ನಂದು!" ಡಾಕ್ಟರರು ಕೂಗಿದರು. "ನಡುಮಧ್ಯಕ್ಕೆ ಹೊಡೆದದ್ದು ನಾನು, ಬರ್ಕೊಳ್ಳಿ!"

"ಬರ್ಕೋತೀನಿ, ಪಕ್ಕದವರ ಫಲಕಕ್ಕೆ ಹೊಡೆದಿದ್ದಾರೆ ಅಂತ. ಇಲ್ಲಿ ಸಹಿ ಹಾಕಿ."

ಹಾಕಿದರು. ದೊಡ್ಡದಾಗಿ, ಪೂರ್ತಿ ಹೆಸರು ಓದಲು ಬರುವಂತೆ.

ಸಂಜೆ ಎಂಟನೇ ಫಲಕವನ್ನು ವೇದಿಕೆಗೆ ತಂದು ನಿಲ್ಲಿಸಿದ್ದರು. ಪಕ್ಕದಲ್ಲಿ ಷಡ್ಡಕ ಕಪ್ ಹಿಡಿದುಕೊಂಡು, ಯಾರದೋ ಮಗುವನ್ನು ಎತ್ತಿಕೊಂಡವನಂತೆ ಮುದುಡಿ ನಿಂತಿದ್ದ. ಡಾಕ್ಟರರು ಸಿಕ್ಕಸಿಕ್ಕವರನ್ನು ಕೈಹಿಡಿದು ಎಳೆತಂದು, ನಡುವಿನ ತೂತಿಗೆ ಕಿರುಬೆರಳಿಟ್ಟು ತೋರಿಸುತ್ತಿದ್ದರು.

ಫೋಟೋದವನು ಕಾದು ಕಾದು ಕ್ಯಾಮೆರಾ ಕೆಳಗಿಳಿಸಿದ.

"ಸ್ವಲ್ಪ ಪಕ್ಕಕ್ಕೆ ಸರೀರಿ ಸಾರ್. ಹೊಡೆದವರು ಕಾಣ್ತಿಲ್ಲ."