ಹಳಿ ತುಂಡಿನ ಗಂಟೆ

ಚಹಾ ಮುಂದಿಟ್ಟುಕೊಂಡು ನಿಧಾನವಾಗಿ ಓದಿ... ಚಹಾ ಆರಿದರೂ ಪರವಾಗಿಲ್ಲ.

ಇಂದುಮತಿ ಟೀಚರ್ ಧಾರವಾಡದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಂಗೀತ ಕಲಿಸಿದವರು.

ಬೆಳಗಿನ ಪ್ರಾರ್ಥನೆಯನ್ನು ದಿನಾ ಅವರೇ ಶುರು ಮಾಡಬೇಕು... ಆಮೇಲೇ ಐದುನೂರು ಹುಡುಗಿಯರು ಬಾಯಿ ತೆರೆಯುತ್ತಿದ್ದರು.

ನಿವೃತ್ತಿಯಾದ ವರ್ಷವೇ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು... ದನಿ ಉಳಿಯಲಿಲ್ಲ.

ಮಾತಾಡಲು ತೊಂದರೆಯಿಲ್ಲ. ಹಾಡಲು ಹೋದರೆ ಮಾತ್ರ ಮೇಲಿನ ಸ್ವರಗಳು ಒಡೆದು ಚೂರಾಗುತ್ತಿದ್ದವು. ಆರು ವರ್ಷದಿಂದ ಅವರು ಹಾರ್ಮೋನಿಯಂನ ಗವಸು ತೆಗೆದಿರಲಿಲ್ಲ.

ಈ ವರ್ಷ ಹಳೆಯ ವಿದ್ಯಾರ್ಥಿನಿಯರೆಲ್ಲ ಶಾಲೆಯಲ್ಲಿ ಸೇರುವುದೆಂದು ನಿಶ್ಚಯವಾಯಿತು. ರುಕ್ಸಾನಾ ಎಂಬ ಹುಡುಗಿ... ಹುಡುಗಿ ಏನು ಬಂತು, ಅವಳಿಗೇ ಈಗ ಐವತ್ತು... ಮೂರು ಸಲ ಫೋನ್ ಮಾಡಿ, ಪ್ರಾರ್ಥನೆ ನೀವೇ ಶುರು ಮಾಡಬೇಕು ಎಂದು ಹಟ ಹಿಡಿದಳು.

"ಆವಾಗ ನಾ ಯುರೋಪಿನ್ಯಾಗ ಇರ್ತೀನವ್ವಾ" ಎಂದು ಟೀಚರ್ ಜಾರಿಕೊಂಡರು.

ತಂಗಿ ಗಿರಿಜಾಳ ಜೊತೆ ಟೂರ್ ಹೊರಟಿದ್ದು ನಿಜ. ಆದರೆ ಕಾರ್ಯಕ್ರಮಕ್ಕೆ ನಾಲ್ಕು ದಿನ ಮೊದಲೇ ವಾಪಸು ಬರುವುದಿತ್ತು. ಅದನ್ನು ಅವರು ಹೇಳಲಿಲ್ಲ.

ಹತ್ತು ದಿನದ ಬಸ್ ಪ್ರಯಾಣ. ದಿನಕ್ಕೊಂದು ಹಳೆಯ ಊರು, ಊರಿಗೊಂದು ಚರ್ಚು, ಚರ್ಚಿಗೊಂದು ಗೋಪುರ... ಯಾವ ಫೋಟೋ ಯಾವ ಊರಿನದು ಎಂದು ಗಿರಿಜಾಳಿಗೇ ಗೊಂದಲ.

ಆರನೆಯ ದಿನ ಜರ್ಮನಿಯ ಒಂದು ಪುಟ್ಟ ಊರಿಗೆ ಬಂದರು. ಕಲ್ಲು ಹಾಸಿದ ಓಣಿಗಳು, ಕಿಟಕಿಗಳಲ್ಲಿ ಹೂವಿನ ಕುಂಡ, ನಡುವೆ ಕಪ್ಪುಗಟ್ಟಿದ ಕಲ್ಲಿನ ಚರ್ಚು.

ಗೋಪುರಕ್ಕೆ ಇನ್ನೂರ ಹನ್ನೆರಡು ಮೆಟ್ಟಿಲು. ಗಿರಿಜಾ ಎಲ್ಲರ ಜೊತೆ ಹತ್ತಲು ಹೋದಳು. ಟೀಚರ್ ಮೊಣಕಾಲು ಒಪ್ಪಲಿಲ್ಲ... ಒಳಗೇ ಒಂದು ಬೆಂಚಿನ ಮೇಲೆ ಕೂತರು.

ತಂಪು... ಮೇಣದ ವಾಸನೆ... ಬಣ್ಣದ ಗಾಜಿನಿಂದ ನೆಲಕ್ಕೆ ಬಿದ್ದ ನೀಲಿ ಬೆಳಕು.

ಆಗ ಅವರ ಕಣ್ಣು ಗೋಪುರದ ಬಾಗಿಲ ಪಕ್ಕಕ್ಕೆ ಹೋಯಿತು. ಅಲ್ಲಿ ಸರಪಳಿಯಿಂದ ತೂಗುತ್ತಿತ್ತು... ಮೊಳದುದ್ದದ ಒಂದು ರೈಲು ಹಳಿಯ ತುಂಡು.

ಟೀಚರ್ ತಮಗರಿವಿಲ್ಲದೆ ನಕ್ಕರು. ಅವರು ಚಿಕ್ಕಂದಿನಲ್ಲಿ ಓದಿದ ಅಳ್ನಾವರದ ಪ್ರೈಮರಿ ಶಾಲೆಯ ಗಂಟೆ ಥೇಟ್ ಇಂಥದ್ದೇ.

ಬೇವಿನ ಮರಕ್ಕೆ ಕಟ್ಟಿದ ಹಳಿ ತುಂಡು. ಸಂಜೆ ಸಿಪಾಯಿ ದ್ಯಾಮಪ್ಪ ಸುತ್ತಿಗೆ ಎತ್ತಿದ್ದು ಕಂಡರೆ ಸಾಕು, ಪಾಟಿಚೀಲ ಹೆಗಲೇರುತ್ತಿತ್ತು. ಮನೆಯಲ್ಲಿ ಅವ್ವ ಒಲೆಯ ಮುಂದೆ ಬಿಸಿ ರೊಟ್ಟಿ ಬಡಿಯುತ್ತಿದ್ದಳು...

ಮೇಣದಬತ್ತಿ ಜೋಡಿಸುತ್ತಿದ್ದ ಎಂಬತ್ತು ದಾಟಿದ ಅಜ್ಜಿಯೊಬ್ಬರು ನಗು ಕೇಳಿ ಹತ್ತಿರ ಬಂದರು. ಹೆಸರು ಹೆಲ್ಗಾ. ಇಬ್ಬರಿಗೂ ಬರುತ್ತಿದ್ದುದು ಅರೆಬರೆ ಇಂಗ್ಲಿಷ್. ಅಷ್ಟರಲ್ಲೇ ಟೀಚರ್ ತಮ್ಮ ಶಾಲೆಯ ಗಂಟೆಯ ಕಥೆ ಹೇಳಿದರು.

ಅಜ್ಜಿಯ ಕಣ್ಣು ಅರಳಿತು. ಪಕ್ಕದಲ್ಲೇ ಕೂತು ತಮ್ಮ ಕಥೆ ಹೇಳಿದರು.

ಹೆಲ್ಗಾಳಿಗೆ ಏಳು ವರ್ಷವಿದ್ದಾಗ, ಎರಡನೆಯ ಮಹಾಯುದ್ಧ ನಡೆದಿತ್ತು. ತೋಪು ಮಾಡಲು ಕಂಚು ಬೇಕೆಂದು ಸೈನಿಕರು ಗೋಪುರದ ಗಂಟೆಯನ್ನೇ ಇಳಿಸಿ ಒಯ್ದರು. ಮುನ್ನೂರು ವರ್ಷದ ಗಂಟೆ. ದಿನಾ ಮಧ್ಯಾಹ್ನ ಅದನ್ನು ಬಾರಿಸುವವರು ಹೆಲ್ಗಾಳ ಅಪ್ಪ.

ಮರುದಿನ ಮಧ್ಯಾಹ್ನ ಊರಿನಲ್ಲಿ ಯಾವ ಸದ್ದೂ ಇಲ್ಲ... ಅದರ ಮರುದಿನವೂ ಇಲ್ಲ.

ಮೂರನೆಯ ದಿನ ಅಪ್ಪ ಎಲ್ಲಿಂದಲೋ ಈ ಹಳಿ ತುಂಡು ತಂದರು. ಬೆನ್ನ ಮೇಲೆ ಹೊತ್ತು ಅಷ್ಟೂ ಮೆಟ್ಟಿಲು ಹತ್ತಿದರು... ಗಂಟೆಯಿದ್ದ ತೊಲೆಗೇ ಕಟ್ಟಿ ಬಡಿದರು.

ಅಡುಗೆಮನೆಯಲ್ಲಿ ಬಾಣಲೆ ಬಿದ್ದಂಥ ಸದ್ದು. ಅಮ್ಮ ನಾಚಿಕೆಯಿಂದ ಕಿಟಕಿ ಮುಚ್ಚಿದಳು. ಹೆಲ್ಗಾ ಕಿವಿ ಮುಚ್ಚಿಕೊಂಡಳು.

ಅಪ್ಪ ಮಾತ್ರ ಬಿಡಲಿಲ್ಲ. ಹೊಸ ಗಂಟೆ ಬರುವವರೆಗೆ ಒಂಬತ್ತು ವರ್ಷ... ಒಂದು ದಿನವೂ ತಪ್ಪಲಿಲ್ಲ. ಆಮೇಲೆ ಊರವರೇ ಹಳಿಯನ್ನು ಕೆಳಗಿಳಿಸಿ ಇಲ್ಲಿ ತೂಗುಹಾಕಿದರು.

"ಅವರಿಗೆ ನಾಚಿಕೆ ಅನ್ನಿಸಲಿಲ್ಲವೇ?" ಟೀಚರ್ ಕೇಳಿದರು.

"ನಾನೂ ಅದನ್ನೇ ಕೇಳಿದ್ದೆ" ಎಂದರು ಅಜ್ಜಿ. "ಅಪ್ಪ ಹೇಳಿದರು... ಮಗಳೇ, ಹೊಲದಲ್ಲಿರುವವರು ಇಂಪಾದ ಸದ್ದಿಗೆ ಕಾಯುತ್ತಿಲ್ಲ. ಹೊತ್ತಾಯಿತು, ಮನೆಗೆ ಬನ್ನಿ ಅಂತ ಯಾರಾದರೂ ಕರೆಯಲಿ ಅಂತ ಕಾಯುತ್ತಿದ್ದಾರೆ."



ಅಜ್ಜಿ ಎದ್ದು ಹಳಿಯ ಪಕ್ಕದ ಗೂಟದಿಂದ ಸುತ್ತಿಗೆ ತೆಗೆದು ಟೀಚರ್ ಕೈಗಿತ್ತರು. ಟೀಚರ್ ಒಂದೇ ಒಂದು ಏಟು ಹೊಡೆದರು...

ಠಣ್...

ಬೇವಿನ ಮರ, ದ್ಯಾಮಪ್ಪ, ಅವ್ವ... ಎಲ್ಲರೂ ಒಮ್ಮೆಗೇ ಬಂದು ನಿಂತಂತಾಯಿತು. ಟೀಚರ್ ಅಲ್ಲೇ ನಿಂತು ಅತ್ತುಬಿಟ್ಟರು.

ಗೋಪುರ ಇಳಿದು ಬಂದ ಗಿರಿಜಾ ಗಾಬರಿಯಾದಳು. "ಅಕ್ಕಾ, ಯಾಕ ಅಳಾಕತ್ತಿ? ಮೊಣಕಾಲು ನೋಯಾಕತ್ತಾವೇನು?"

ಟೀಚರ್ ಇಲ್ಲವೆಂದು ತಲೆಯಾಡಿಸಿದರು. ಬಸ್ಸು ಹತ್ತಿದ ಕೂಡಲೇ ರುಕ್ಸಾನಾಳಿಗೆ ಫೋನ್ ಮಾಡಿದರು.

"ರುಕ್ಸಾನಾ, ನಿನಗ ಸುಳ್ಳು ಹೇಳಿದ್ದೆ. ಅವತ್ತು ನಾ ಊರಾಗ ಇರ್ತೀನಿ. ನನ್ನ ದನಿ ಒಡದೈತಿ... ಆದರೂ ಪ್ರಾರ್ಥನಿ ನಾನ ಶುರು ಮಾಡ್ತೀನಿ."

ಆ ಕಡೆ ರುಕ್ಸಾನಾಳೂ ಅಳುತ್ತಿದ್ದಳು.

ಕಾರ್ಯಕ್ರಮದ ದಿನ ಶಾಲೆಯ ಅಂಗಳದಲ್ಲಿ ಮುನ್ನೂರು ಹೆಣ್ಣುಮಕ್ಕಳು. ಕೆಲವರ ತಲೆ ನೆರೆತಿತ್ತು, ಕೆಲವರ ಕಂಕುಳಲ್ಲಿ ಕೂಸಿತ್ತು... ಎಲ್ಲರೂ ಮೊದಲಿನ ಹಾಗೇ ಸಾಲಾಗಿ ನಿಂತಿದ್ದರು.

ಟೀಚರ್ ಕಣ್ಣು ಮುಚ್ಚಿ ಶುರು ಮಾಡಿದರು. ಮೊದಲ ಸಾಲು ಹೇಗೋ ದಾಟಿತು. ಎರಡನೆಯ ಸಾಲು ಮೇಲೇರುವಲ್ಲಿ ದನಿ ಒಡೆಯಿತು... ನಿಂತಿತು.



ಟೀಚರ್ ಉಸಿರೆಳೆದುಕೊಂಡರು. ತಮಗೆ ಎಟುಕುವಷ್ಟು ಕೆಳಗಿನ ಶ್ರುತಿಯಲ್ಲಿ ಮತ್ತೆ ಎತ್ತಿಕೊಂಡರು.

ಮುನ್ನೂರು ದನಿಗಳು ಆ ಕೆಳಗಿನ ಶ್ರುತಿಗೇ ಇಳಿದು ಬಂದು ಅವರ ಜೊತೆ ಸೇರಿದವು.

*

ನಮ್ಮವರು ಕಾಯುತ್ತಿರುವುದು ನಮ್ಮ ಇಂಪಿಗಲ್ಲ... ನಮ್ಮ ಕರೆಗೆ.

ಮೊದಲಿನ ಹಾಗೆ ಆಗುವುದಿಲ್ಲವೆಂದು ನೀವು ನಿಲ್ಲಿಸಿಬಿಟ್ಟದ್ದು ಏನು... ಅದಕ್ಕಾಗಿ ಇವತ್ತಿಗೂ ಕಿವಿಗೊಟ್ಟು ಕೂತವರು ಯಾರು?