ಕೊರಳಪಟ್ಟಿ

ಪಶುವೈದ್ಯರ ಮೇಜಿನ ಮೇಲೆ ನಡುಗುತ್ತಿದ್ದ ನಾಯಿಯ ಕೊರಳಪಟ್ಟಿಯನ್ನು ಮಗಳು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. "ಮಹಾರಾಣಿ ಥರ ಸಾಕಿದ್ವಿ, ಡಾಕ್ಟ್ರೇ. ನಮ್ಮ ಕಣ್ಣಿಗೆ ಮಣ್ಣೆರಚಿ ಗೇಟು ದಾಟಿ ಹೋಗಿ, ಹೊಟ್ಟೆ ಮಾಡ್ಕೊಂಡು ಬಂದಿದೆ ಮಾನಗೆಟ್ಟದ್ದು!" ಅಮ್ಮ ಬಂದಾಗಿನಿಂದ ಬೈಯುತ್ತಲೇ ಇದ್ದಳು.

ಡಾಕ್ಟರು ಸಿರಿಂಜಿಗೆ ಔಷಧಿ ಎಳೆದುಕೊಂಡರು. "ಇವತ್ತೊಂದು, ನಾಳೆ ಒಂದು ಇಂಜೆಕ್ಷನ್ ಕೊಟ್ರೆ ಗರ್ಭ ನಿಲ್ಲಲ್ಲ. ಆದ್ರೆ ಈ ಔಷಧಿ ಬಸುರಿಯರ ಮೈಗೆ ತಾಗಬಾರದು. ನಾಯಿ ಹಿಡ್ಕೊಂಡಿರೋರು..."

"ಅಯ್ಯೋ, ಅವಳಿಗಿನ್ನೂ ಮದುವೇನೇ ಆಗಿಲ್ಲ!" ಅಮ್ಮ ನಕ್ಕಳು.

ಮಗಳ ಕೈ ಕೊರಳಪಟ್ಟಿಯಿಂದ ಜಾರಿತು. ಸೂಜಿಯಿಂದ ಕಣ್ಣು ಕೀಳದೆ ಹಿಂದೆ ಹಿಂದೆ ಸರಿದು, ಗೋಡೆಗೆ ಬೆನ್ನು ಕೊಟ್ಟು ನಿಂತಳು. ಅಮ್ಮನ ನಗು ಅರ್ಧಕ್ಕೇ ನಿಂತಿತು. ಮೇಜಿನಿಂದ ಹಾರಲು ಹವಣಿಸಿದ ನಾಯಿಯನ್ನು ಈಗ ಅಮ್ಮನೇ ಹಿಡಿದುಕೊಂಡಳು. ಅದಕ್ಕೆ ಬೈಯಲು ಮಾತ್ರ ನಾಲಿಗೆ ಏಳಲಿಲ್ಲ.